ಗೌಡರ ಮಹಾಪಲಾಯನ

ದೋಣಿಗಲ್ ಸುತ್ತಿನ ಯಾವ ಊರಿಗೆ ಹೋದರೂ ಪುಸ್ತಕ ಓದುವ ಗೌಡರೊಬ್ಬರು ಸಿಕ್ಕೇ ಸಿಗುತ್ತಾರೆ. ಅವರ ಷೋಕೇಸಿನಲ್ಲಿ ತೇಜಸ್ವಿ ಪುಸ್ತಕಗಳಿಗೆ ಮಾತ್ರ ಜಾಗ. ಪಕ್ಕದ ಮೂಡಿಗೆರೆಯವರು, ಅವರೂ ಕಾಫಿ ಬೆಳೆದವರು. ಸಾಹಿತ್ಯಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೇನು ಬೇಕು? ಮಳೆ ಹಿಡಿದುಕೊಂಡಿತೆಂದರೆ ‘ಮಹಾಪಲಾಯನ’ ಕೆಳಗಿಳಿಯುತ್ತದೆ.

ಎರಡನೇ ಮಹಾಯುದ್ಧದ ಕತೆ. 1939ರಲ್ಲಿ ರಷ್ಯನ್ನರ ಕೈಗೆ ಸಿಕ್ಕಿದ ಪೋಲೆಂಡಿನ ಸೈನಿಕ ಸ್ಲಾವೊಮಿರ್ ರಾವಿಚ್‌ಗೆ 25 ವರ್ಷ ಶಿಕ್ಷೆ. ಸೈಬೀರಿಯಾದ ಶಿಬಿರದಿಂದ 1941ರಲ್ಲಿ ಆರು ಜನರೊಂದಿಗೆ ತಪ್ಪಿಸಿಕೊಂಡು, ಗೋಬಿ, ಟಿಬೆಟ್, ಹಿಮಾಲಯ ದಾಟಿ ಭಾರತಕ್ಕೆ ನಡೆದೇ ಬಂದೆ ಎಂದು ಅವನು 1956ರ ‘ದಿ ಲಾಂಗ್ ವಾಕ್’ನಲ್ಲಿ ಹೇಳಿಕೊಂಡ. ಅದನ್ನೇ ತೇಜಸ್ವಿ ಕನ್ನಡಕ್ಕೆ ತಂದದ್ದು. ಉಳಿದವರು ಕಣ್ಣೀರು ಹಾಕುವ ಕಡೆ ಗೌಡರು ಲೆಕ್ಕ ಹಾಕುತ್ತಾರೆ.

“ಚಳಿ ಸರಿ ಮಾರಾಯ, ಮಳೆ ಎಷ್ಟು ಇಂಚು? ಎಲ್ಲೂ ಬರೆದಿಲ್ಲ ನೋಡು. ಅಷ್ಟು ದೂರ ನಡೆದ್ರೂ ಒಂದೇ ಒಂದು ಇಂಬಳ ಹತ್ತಿಲ್ಲ. ಜುಲೈನಲ್ಲಿ ಬಿಸಿಲೆ ಕಾಡಿಗೆ ಬರಬೇಕಿತ್ತು!”

ಏಳು ಕೈದಿಗಳು ರಾತ್ರೋರಾತ್ರಿ ಓಡಿಹೋಗುವ ಅಧ್ಯಾಯದಲ್ಲಿ ಅವರ ಸಹಾನುಭೂತಿ ಪೂರ್ತಿ ಶಿಬಿರದ ಕಡೆಗೇ. “ರೈಟರ್ ಶಾಮೀಲಾಗದೆ ಏಳು ಆಳು ಹೋಗೋದುಂಟಾ? ಅಡ್ವಾನ್ಸ್ ಎಷ್ಟು ತಗೊಂಡಿದ್ರೋ!”

ದಾರಿಯಲ್ಲಿ ಅವರ ಜೊತೆ ಸೇರಿಕೊಂಡ ಹುಡುಗಿ ಗೋಬಿಯಲ್ಲಿ ಸಾಯುವ ಪುಟ ಬಂದಾಗ ಮಾತ್ರ, ಕಣದಲ್ಲಿ ಕಾಫಿ ನೆನೆಯುತ್ತಿದೆ ಎಂದು ಎದ್ದು ಹೊರಗೆ ಹೋಗುತ್ತಾರೆ. ಜುಲೈ ತಿಂಗಳಲ್ಲಿ ಕಣದಲ್ಲಿ ಕಾಫಿ ಇರುವುದಿಲ್ಲ.

ಹಿಮಾಲಯದಲ್ಲಿ ಎರಡು ಹಿಮಮಾನವರನ್ನು ಕಂಡೆವು ಎಂದದ್ದನ್ನು ಹೊರದೇಶದ ಪರ್ವತಾರೋಹಿಗಳೇ ನಂಬಲಿಲ್ಲ. ಗೌಡರು ನಂಬುತ್ತಾರೆ. “ತೋಟದಲ್ಲಿ ಆನೆ ನಿಂತಿದೆ ಅಂದ್ರೆ ಬೆಂಗಳೂರಿನ ನೆಂಟರು ನಂಬ್ತಾರಾ? ಕಂಡವನಿಗೆ ಗೊತ್ತು.”

ರಾವಿಚ್ ಓಡಿಬಂದವನೇ ಅಲ್ಲ, 1942ರಲ್ಲಿ ಕ್ಷಮಾದಾನದಡಿ ಬಿಡುಗಡೆಯಾದವನು ಎಂಬ ದಾಖಲೆ ಸಿಕ್ಕಿದೆಯೆಂದು 2006ರಲ್ಲಿ ಬಿಬಿಸಿ ಹೇಳಿತು. ಸುದ್ದಿ ತಂದ ಅಳಿಯನಿಗೆ ಗೌಡರ ಉತ್ತರ ಸಿದ್ಧವಿತ್ತು: “ದಾಖಲೆ ನಂಬ್ತೀರಾ ಅಳಿಯಂದ್ರೇ? ನಮ್ಮ ತೋಟಕ್ಕೆ ಪಹಣಿಯಲ್ಲಿ ಈಗ್ಲೂ ಹುಲ್ಲುಬನ್ನಿ ಅಂತಿದೆ. ಹುಲ್ಲು ಎಲ್ಲಿದೆ ತೋರ್ಸಿ!”

ಆದರೆ 2009ರಲ್ಲಿ ವಿಟೋಲ್ಡ್ ಗ್ಲಿನ್ಸ್ಕಿ ಎಂಬ ಇನ್ನೊಬ್ಬ ಪೋಲೆಂಡಿನವರು, ಆ ದಾರಿ ನಡೆದವನು ನಾನು ಎಂದರಲ್ಲ, ಅದರ ಬಗ್ಗೆ ಗೌಡರು ತುಟಿ ಬಿಚ್ಚುವುದಿಲ್ಲ. ಕಾರಣ ಅವರದೇ ಮಹಾಪಲಾಯನ. 1996ರಲ್ಲಿ ಗೇಜ್ ಬದಲಾವಣೆಗೆಂದು ಘಾಟಿಯ ರೈಲು ನಿಂತಿತ್ತಲ್ಲ, ಆಗ ದೋಣಿಗಲ್‌ನಿಂದ ಎಡಕುಮರಿಗೆ ಹಳಿ ಮೇಲೆ ನಡೆದದ್ದು: ಸುರಂಗದ ಬಾವಲಿ, ಸೇತುವೆ ಕೆಳಗಿನ ಪಾತಾಳ, ಹಳಿ ನಡುವೆ ಬಿಸಿ ಆರದ ಆನೆ ಲದ್ದಿ. ಕೇಳದ ನೆಂಟರಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಆಲೂರಿನ ಬಾಮೈದ ಕಡುಬು ಮುರಿಯುತ್ತಾ ಮೆಲ್ಲಗೆ ಅಂದ: “ಭಾವ, ಆವತ್ತು ನಿಮಗೆ ಜ್ವರ ಅಲ್ವಾ? ನಡೆದಿದ್ದು ನಾನು.”

ಗೌಡರು ಸಾರು ಬಡಿಸಿಕೊಂಡು ಹೇಳಿದರು: “ನಡೆದಿರಬಹುದು ಕಣಯ್ಯಾ. ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಕೂತು ಕೇಳೋ ಹಾಗೆ ಹೇಳೋಕೆ ಬಂತಾ ನಿನಗೆ?”