ಚೂರು ಅಳೆದು ಕೊಡಿ

ಹಳೆಯ ಡಿಸ್ಕ್‌ಗಳನ್ನು ಪುಡಿಮಾಡಿಕೊಡುವ ಘಟಕಗಳ ಮಾಲೀಕರಿಗೆ,

ಬೆಂಗಳೂರಿನ ಕಚೇರಿಯೊಂದರ ಹಳೆಯ ಕಂಪ್ಯೂಟರುಗಳನ್ನು ವಿಲೇವಾರಿ ಮಾಡಿಸುವುದು ನನ್ನ ಕೆಲಸ. ಕಳೆದ ಸಲ ಕೈಗೆ ಬಂದ ಸರ್ಟಿಫಿಕೇಟಿನಲ್ಲಿ ಡಿಸ್ಕ್‌ಗಳ ಸಂಖ್ಯೆಯಿತ್ತು, ತೂಕವಿತ್ತು, ಸೀಲಿತ್ತು, ‘ಎಚ್-4’ ಎಂದೂ ಬರೆದಿತ್ತು. ಚೂರನ್ನು ಅಳೆದವರು ಯಾರೆಂದು ಕೇಳಿದೆ. ಯಂತ್ರದ ಕೈಪಿಡಿ ತೋರಿಸಿದರು.

ಕೈಪಿಡಿಯಲ್ಲಿರುವುದು ಹೊಸ ಬ್ಲೇಡಿನ ಲೆಕ್ಕ. ಬ್ಲೇಡು ಮೊಂಡಾದ ಮೇಲೆ ಲೋಹ ತುಂಡಾಗದೆ ಹರಿದು, ಉದ್ದುದ್ದ ಪಟ್ಟಿಯಾಗಿ ಬೀಳುತ್ತದೆ. ಕೆಳಗೆ ಜರಡಿ ಇದೆಯಲ್ಲ ಎನ್ನಬೇಡಿ. ಒಂದರಿ ಹಿಡಿದವರಿಗೆಲ್ಲ ಗೊತ್ತು, ನೆಟ್ಟಗೆ ನಿಂತ ಕಡ್ಡಿ ಸಣ್ಣ ತೂತಿನಲ್ಲೂ ಇಳಿದುಬಿಡುತ್ತದೆ.

ಜರ್ಮನಿಯ ಡಿಐಎನ್ 66399 ಆಧರಿಸಿ 2018ರಲ್ಲಿ ಬಂದ ಐಎಸ್‌ಒ/ಐಇಸಿ 21964 ಮಾನದಂಡ ಹಾರ್ಡ್ ಡಿಸ್ಕಿಗೆ ‘ಎಚ್’, ಮೆಮೊರಿ ಚಿಪ್ಪಿನ ಸಾಧನಗಳಿಗೆ ‘ಇ’ ಎಂದು ಬೇರೆ ವರ್ಗಗಳನ್ನೇ ಮಾಡಿದೆ. ಎಚ್-4ರಲ್ಲಿ ಚೂರಿನ ಮಿತಿ 2000 ಚದರ ಮಿಲಿಮೀಟರ್. ಇ-4ರಲ್ಲಿ ಬರೀ 30. ಎರಡನ್ನೂ ಒಂದೇ ಯಂತ್ರಕ್ಕೆ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾದ ಎಂ.2 ಎಸ್‌ಎಸ್‌ಡಿ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಇಡೀ ಹಲಗೆಯೇ 1760 ಚದರ ಮಿಲಿಮೀಟರ್! ಒಂದು ಗೀರೂ ಬೀಳದ ಎಸ್‌ಎಸ್‌ಡಿ ಎಚ್-4ರ ಅಳತೆಯೊಳಗೇ ಇದೆ. ಮೈಕ್ರೊ ಎಸ್‌ಡಿ ಕಾರ್ಡಂತೂ 165. ಚಿಪ್ಪು ಇಡಿಯಾಗಿ ಉಳಿದರೆ ಅದನ್ನು ಬಿಚ್ಚಿ, ಬೇರೆ ರೀಡರಿನಲ್ಲಿ ಕೂರಿಸಿ ಓದುವ ಸಾಧ್ಯತೆ ಉಳಿಯುತ್ತದೆ. ಅದರೊಳಗಿರುವುದು ನಮ್ಮ ಸಿಬ್ಬಂದಿಯ ಆಧಾರ್ ಪ್ರತಿ, ಸಂಬಳದ ಚೀಟಿ, ಆಸ್ಪತ್ರೆಯ ಬಿಲ್ಲು. ನಂಬಿ ಕೊಟ್ಟವರು ಅವರು.

ನಾನು ಕೇಳುತ್ತಿರುವುದು ದೊಡ್ಡ ಖರ್ಚಿನ ಕೆಲಸವಲ್ಲ. ಚೂರು ತುಂಬಿದ ಡ್ರಮ್ಮಿನಿಂದ ಮಾತ್ರ ಮಾದರಿ ತೆಗೆಯಬೇಡಿ. ಅಲುಗಾಟಕ್ಕೆ ಪುಡಿ ತಳ ಸೇರಿ, ದೊಡ್ಡ ಚೂರು ಮೇಲೆ ನಿಂತಿರುತ್ತದೆ. ಯಂತ್ರದಿಂದ ಬೀಳುವಾಗಲೇ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಒಂದಿಷ್ಟು ಹಿಡಿಯಿರಿ. ಗ್ರಾಫ್ ಹಾಳೆಯ ಮೇಲೆ ಹರಡಿ. ಮಿತಿ ಮೀರಿದ್ದನ್ನು ಆರಿಸಿ ತೂಗಿ, ಏಕೆಂದರೆ ಮಾನದಂಡ ಕೊಡುವ ವಿನಾಯಿತಿ ಶೇ. 10 ಮಾತ್ರ, ಆ ಚೂರುಗಳಿಗೂ ಒಂದು ಗರಿಷ್ಠ ಅಳತೆ ಇದೆ. ಅತಿ ದೊಡ್ಡ ಚೂರಿನ ಅಳತೆ, ಫೋಟೋ, ಅಳೆದವರ ಸಹಿ ಸರ್ಟಿಫಿಕೇಟಿನಲ್ಲಿ ಇರಲಿ. ಎಸ್‌ಎಸ್‌ಡಿಗಳನ್ನು ಬೇರೆ ಯಂತ್ರಕ್ಕೆ ಹಾಕಿ. ಅದು ಇಲ್ಲದಿದ್ದರೆ ಇಲ್ಲವೆಂದು ಮೊದಲೇ ಹೇಳಿಬಿಡಿ.

ಮುಂದಿನ ತಿಂಗಳು ನಮ್ಮ ಡಿಸ್ಕ್‌ಗಳ ಜೊತೆ ನಾನೂ ಬರುತ್ತೇನೆ, ಕ್ಯಾಲಿಪರ್ ನಾನೇ ತರುತ್ತೇನೆ. ಅಳೆಯಲು ಅರ್ಧ ಗಂಟೆ ಬಿಡುವು ಮಾಡಿಕೊಡಿ.