ಅಪ್‌ಗ್ರೇಡ್ ರಾಯರು

ಹಳೆಯದನ್ನು ಎಸೆಯದವರು ಪ್ರತಿ ಮನೆಯಲ್ಲೂ ಇರುತ್ತಾರೆ. ಹಳೆಯದಕ್ಕೆ ಇನ್ನೊಂದು ಹಳೆಯದನ್ನು ತಂದು ಜೋಡಿಸಿ, ಹೊಸದಾಯಿತು ಎಂದು ಹೇಳುವವರು ಮಾತ್ರ ಬಡಾವಣೆಗೊಬ್ಬರು. ನಮ್ಮಲ್ಲಿ ಆ ಹುದ್ದೆ ರಾಯರದು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದ ಮೇಲೆ ಅವರು ಸೇತುವೆಗಳ ಗೊಡವೆ ಬಿಟ್ಟು ಲ್ಯಾಪ್‌ಟಾಪಿನ ಹೊಟ್ಟೆಗೆ ಕೈಹಾಕಿದರು.

ಅವರ ಲ್ಯಾಪ್‌ಟಾಪನ್ನು ಬರೀ ಲ್ಯಾಪ್‌ಟಾಪ್ ಎಂದರೆ ಕೋಪ ಬರುತ್ತದೆ. ಅದು ವರ್ಕ್‌ಸ್ಟೇಷನ್. ಡೆಲ್ ಪ್ರಿಸಿಷನ್ ಎಂ6700, ಎಚ್‌ಪಿ ಎಲೈಟ್‌ಬುಕ್ 8770ಡಬ್ಲ್ಯು ಇತ್ಯಾದಿಗಳ ಪೀಳಿಗೆಯದು. 2012ರ ಮಾಲು, 17 ಇಂಚಿನ ಪರದೆ, ತೂಕ ಮೂರೂವರೆ ಕೆಜಿಗೆ ಕಮ್ಮಿಯಿಲ್ಲ. ವಿಮಾನದ ರೆಕ್ಕೆಯನ್ನೋ ಕಾರಿನ ಬಾಗಿಲನ್ನೋ ವಿನ್ಯಾಸ ಮಾಡಲೆಂದು ಕಂಪನಿಗಳು ಕೊಂಡು, ದುಡಿಸಿ, ಕೈಬಿಟ್ಟದ್ದು ಸೆಕೆಂಡ್‌ಹ್ಯಾಂಡ್ ಅಂಗಡಿಯ ಮೂಲಕ ರಾಯರ ಊಟದ ಮೇಜಿಗೆ ಬಂದು ಕೂತಿದೆ. ಈಗ ಅದರ ಕೆಲಸ ಹಾಲಿನ ಲೆಕ್ಕ, ಕರೆಂಟ್ ಬಿಲ್ಲು, ಮತ್ತು ತೋಟ. ತೋಟದ ವಿಷಯಕ್ಕೆ ಆಮೇಲೆ ಬರುತ್ತೇನೆ.

"ನೋಡಿ ಇವ್ರೇ, ಹೊಸದಕ್ಕೆ ಲಕ್ಷಗಟ್ಟಲೆ ಸುರೀಬೇಕು. ಇದಕ್ಕೆ ಒಂದು ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿದ್ರೆ ಇನ್ನೂ ಹತ್ತು ವರ್ಷ ಬರುತ್ತೆ!"

ಈ ಮಾತನ್ನು ಅವರು ಎಸ್.ಪಿ. ರೋಡಿನ ಅಂಗಡಿಯಲ್ಲೂ ಹೇಳಿದರು. ಕೌಂಟರಿನ ಹುಡುಗ ಮೊಬೈಲಿನಿಂದ ತಲೆಯೆತ್ತದೆ, "ಲ್ಯಾಪ್‌ಟಾಪ್‌ಗೆ ಗ್ರಾಫಿಕ್ಸ್ ಬೋರ್ಡ್‌ಗೇ ಬೆಸುಗೆ ಹಾಕಿರುತ್ತೆ ಸಾರ್, ಚೇಂಜ್ ಮಾಡಕ್ಕಾಗಲ್ಲ" ಎಂದ. ರಾಯರ ಮುಖ ಅರಳಿತು. ಈ ಒಂದು ವಾಕ್ಯ ಕೇಳುವುದಕ್ಕೇ ಅವರು ಎರಡು ಬಸ್ಸು ಬದಲಾಯಿಸಿ ಬಂದದ್ದು. ಚೀಲದಿಂದ ಯಂತ್ರ ತೆಗೆದು, ಅಲ್ಲೇ ತಳದ ಮುಚ್ಚಳ ಬಿಚ್ಚಿ, ಎಂಎಕ್ಸ್‌ಎಂ ಎಂಬ ಮಾನದಂಡದ ಪುರಾಣ ಶುರುಮಾಡಿದರು. ಎನ್‌ವಿಡಿಯಾ ಮುಂದೆ ನಿಂತು ರೂಪಿಸಿದ್ದು. ಕಾರ್ಡು ಬೇರೆ, ಬೋರ್ಡು ಬೇರೆ. ದೊಡ್ಡ ಅಳತೆಯದ್ದಾದರೆ 82 ಮಿ.ಮೀ. ಅಗಲ, 105 ಮಿ.ಮೀ. ಉದ್ದ, ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಹುಡುಗ ಮೊಬೈಲ್ ಕೆಳಗಿಟ್ಟ. ಪಕ್ಕದಂಗಡಿಯವನೂ ಬಂದು ಇಣುಕಿದ. ಈಗಿನ ಕಂಪನಿಗಳು ಎಲ್ಲವನ್ನೂ ಬೋರ್ಡಿಗೆ ಅಂಟಿಸಿ, ಒಂದು ಕೆಟ್ಟರೆ ಎಲ್ಲವನ್ನೂ ಎಸೆಯುವಂತೆ ಮಾಡಿವೆ ಎಂಬ ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ತೊಂದರೆಯೆಂದರೆ, ಸರಿಯಾದ ವಾದ ಸಿಕ್ಕ ಮೇಲೆ ರಾಯರನ್ನು ಹಿಡಿಯುವವರಿಲ್ಲ.

ಕಾರ್ಡು ಕಡೆಗೂ ಸಿಕ್ಕಿತು. ಇದ್ದದ್ದು ಕ್ವಾಡ್ರೊ ಕೆ3000ಎಂ, ಬಂದದ್ದು ಕೆ5000ಎಂ. 576 ಕೋರಿನ ಜಾಗಕ್ಕೆ 1344, 2 ಜಿಬಿ ಜಾಗಕ್ಕೆ 4 ಜಿಬಿ. ಎರಡೂ 2012ರವೇ ಎಂದು ನಾನು ಹೇಳಲು ಹೋದೆ. "ವಯಸ್ಸು ಕೇಳಬೇಡಿ, ಶಕ್ತಿ ನೋಡಿ" ಎಂದರು. ಬೆಲೆ ಎಷ್ಟೆಂಬುದು ಅಂಗಡಿಯವನಿಗೆ ಮಾತ್ರ ಗೊತ್ತು. ಮನೆಯಲ್ಲಿ ಬೈಗುಳಕ್ಕೆ ಹೆದರಿ ಕಡಿಮೆ ಹೇಳಿದರು, ನಮ್ಮೆದುರು ಚೌಕಾಸಿಯ ಹೆಮ್ಮೆಗೆ ಇನ್ನೂ ಕಡಿಮೆ ಹೇಳಿದರು.

ಭಾನುವಾರ ಆಪರೇಷನ್. ಮೇಜಿನ ಮೇಲೆ ಪೇಪರ್ ಹಾಸಿ, ಯಾರದೋ ಮದುವೆಯ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಲ್ಯಾಪ್‌ಟಾಪಿನ ನಕ್ಷೆ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗಕ್ಕೇ ಚುಚ್ಚಿದ್ದರು. ಸರ್ಕಾರಿ ಶಿಸ್ತು. ಥರ್ಮಲ್ ಪೇಸ್ಟು ಅಕ್ಕಿಕಾಳಿನಷ್ಟಿರಬೇಕು, ಹೆಚ್ಚಾದರೆ ಸುತ್ತ ಹರಿಯುತ್ತದೆ. ಮೆಮೊರಿ ಚಿಪ್ಪುಗಳ ಮೇಲಿನ ಪ್ಯಾಡು ಅರ್ಧ ಮಿಲಿಮೀಟರ್ ದಪ್ಪವಾದರೂ ಹೀಟ್‌ಸಿಂಕು ಎತ್ತಿಕೊಂಡು, ನಡುವಿನ ದೊಡ್ಡ ಚಿಪ್ಪಿಗೆ ತಾಗದೆ, ಯಂತ್ರ ನಿಮಿಷದಲ್ಲಿ ಕಾದು ಆರಿಹೋಗುತ್ತದೆ. ರಾಯರು ಉಸಿರು ಬಿಗಿಹಿಡಿದು, ಹೆಂಡತಿಯ ಹುಬ್ಬಿನ ಚಿಮಟದಿಂದ ಪ್ಯಾಡು ಕೂರಿಸಿದರು. ಸ್ಕ್ರೂಗಳನ್ನು ಒಂದೇ ಕಡೆ ಬಿಗಿಯದೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ಇಷ್ಟು ಜತನ ಅವರು ಕಟ್ಟಿಸಿದ ರಸ್ತೆಗಳ ಮೇಲೆ ತೋರಿಸಿದ್ದರೆ ತಾಲೂಕಿನ ಗುಂಡಿಗಳೆಲ್ಲ ಮುಚ್ಚುತ್ತಿದ್ದವು.

ಗುಂಡಿ ಒತ್ತಿದರು. ಪರದೆ ಕಪ್ಪು. ಬೀಪ್, ಬೀಪ್, ಬೀಪ್ ಎಂದು ಎಂಟು ಸಲ ಕೂಗಿತು. ಎಂಟೆಂದರೆ ಪರದೆ ಕೆಟ್ಟಿದೆ ಎಂಬ ಸಂಕೇತವಂತೆ. ಪರದೆ ಚೆನ್ನಾಗಿಯೇ ಇತ್ತು. ಗುರುತಿಲ್ಲದ ಕಾರ್ಡನ್ನು ಕಂಡು ಯಂತ್ರವೇ ಹಾಗೆ ತಿಳಿದುಕೊಂಡಿತ್ತು. ಅಡುಗೆಮನೆಯಿಂದ ದನಿ ಬಂತು: "ಏನ್ರೀ, ಎಂಟು ಸೀಟಿ ಆಯ್ತಲ್ಲ, ಇಳಿಸಬಾರ್ದಾ?"

ಇಳಿಸಲಿಲ್ಲ. ಬಯಾಸ್ ಹೊಕ್ಕು ಅದನ್ನಿದನ್ನು ಬದಲಿಸಿ, ಕಾರ್ಡು ಬಿಚ್ಚಿ ಮತ್ತೆ ಕೂರಿಸಿ, ಕಡೆಗೆ ಪರದೆ ಬೆಳಗಿಸಿದರು. ಆಮೇಲೆ ಡ್ರೈವರ್ ರಗಳೆ. ಕಾರ್ಡು ಇನ್ನೊಂದು ಕಂಪನಿಯ ಲ್ಯಾಪ್‌ಟಾಪಿಗೆಂದು ಮಾಡಿದ್ದಾದ್ದರಿಂದ, ಡ್ರೈವರಿನ ಪಟ್ಟಿಯಲ್ಲಿ ಇವರ ಯಂತ್ರದ ಸಂಖ್ಯೆಯೇ ಇರಲಿಲ್ಲ. ರಾಯರು ಐಎನ್‌ಎಫ್ ಫೈಲು ತೆರೆದು ತಾವೇ ಒಂದು ಸಾಲು ಸೇರಿಸಿದರು. ತಿದ್ದಿದ ಫೈಲಿಗೆ ಸಹಿ ಇಲ್ಲವೆಂದು ವಿಂಡೋಸ್ ತಕರಾರು ತೆಗೆಯಿತು. ಸಹಿ ಪರಿಶೀಲನೆಯನ್ನೇ ನಿಲ್ಲಿಸಿದರು. "ಇಲಾಖೇಲಿ ಮೂವತ್ತು ವರ್ಷ ಇದ್ದೆ. ಸಹಿ ಇಲ್ದೆ ಫೈಲ್ ಮೂವ್ ಮಾಡ್ಸೋದು ನನಗೆ ಹೇಳ್ಕೊಡಬೇಕಾ?" ಎಂದರು.

ಇನ್ನು ತೋಟ. ತೀರ್ಥಹಳ್ಳಿ ಕಡೆ ರಾಯರ ಪಾಲಿಗೆ ಬಂದ ಅಡಿಕೆ ತೋಟವಿದೆ. ಪಕ್ಕದ ದಾಯಾದಿ ಬೇಲಿ ಒತ್ತರಿಸಿದ್ದಾನೆಂಬುದು ಅವರ ಗುಮಾನಿ. ಗೂಗಲ್ ಅರ್ಥ್‌ನಲ್ಲಿ ಆ ಬೇಲಿಯನ್ನು ಕಾಯುವುದಕ್ಕಾಗಿಯೇ ಈ ಸಾಹಸವೆಲ್ಲ. 100 ವ್ಯಾಟಿನ ಕಾರ್ಡು ಬುಸುಗುಟ್ಟಿತು, ಭೂಗೋಳ ಸರ್ರನೆ ತಿರುಗಿ ಮಲೆನಾಡಿಗೆ ಇಳಿಯಿತು. ನಾವೆಲ್ಲ ಬಗ್ಗಿ ನೋಡಿದೆವು.

"ನೋಡಿದ್ರಾ, ಬೇಲಿ ಮೊದಲಿದ್ದಲ್ಲೇ ಇದೆ" ಎಂದೆ.

ಅವರ ಹೆಂಡತಿ ಕನ್ನಡಕ ಸರಿಮಾಡಿಕೊಂಡು ಪರದೆಯ ಕೆಳಗಿನ ತಾರೀಖು ಓದಿದರು. "ಏನ್ರೀ, ಇದು ಜಗಳ ಶುರುವಾಗೋಕ್ಕಿಂತ ಮುಂಚಿನ ಫೋಟೋ. ಒಂದ್ಸಲ ಬಸ್ಸು ಹತ್ತಿ ಊರಿಗೇ ಹೋಗಿ ನೋಡ್ಬಾರ್ದಾ?"

ರಾಯರು ಪರದೆಯನ್ನು ದಿಟ್ಟಿಸಿದರು. ಊರಿಗೆ ಹೋದರೆ ದಾಯಾದಿಯೂ ಸಿಗುತ್ತಾನೆ, ಎದುರೆದುರು ಮಾತಾಡಬೇಕಾಗುತ್ತದೆ. ಲ್ಯಾಪ್‌ಟಾಪನ್ನು ಮೆಲ್ಲಗೆ ಮಗುಚಿ ಹಾಕಿ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು.

"ರ‍್ಯಾಮ್ ಸಾಲ್ತಿಲ್ಲ ಅನ್ಸುತ್ತೆ. ನಾಲ್ಕು ಸ್ಲಾಟಲ್ಲಿ ಎರಡು ಖಾಲಿ ಇದೆ."