ಹಿಂದಿನ ಸಪ್ಪಳ

ಗಾಡಿಗೆ ಸಪ್ಪಳ ಹತ್ತಿತೆಂದರೆ ನಮ್ಮ ಇಂಡಿ ಸೀಮೆಯಲ್ಲಿ ಅದು ಮಾಲೀಕನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಮನೆಯೊಳಗೆ ಗಂಡ–ಹೆಂಡಿರ ಜಗಳವಾದರೆ ಜನ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಾರೆ. ಗಾಡಿ ಗಡಗಡ ಅಂದರೆ ಆ ಸಂಕೋಚವೂ ಇಲ್ಲ. ನೇರ ಬಂದು ಬಾನೆಟ್ ಮೇಲೆ ಅಂಗೈ ಊರಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳುತ್ತಾರೆ. ನನ್ನ ಸೆಕೆಂಡ್‌ಹ್ಯಾಂಡ್ ಪಿಕಪ್ಪಿನ ಸಪ್ಪಳ ಇದ್ದದ್ದು ಹಿಂದೆ. ಆದರೂ ಎಲ್ಲರೂ ಕೈ ಊರಿದ್ದು ಮುಂದೆಯೇ.

ಗಾಡಿ ಕೊಡಿಸಿದ ದಲ್ಲಾಳಿ, "ಡಾಕ್ಟರ್ ಗಾಡಿ ಅದರಿ ಸರ, ಒಂದೇ ಕೈಯಾಗ ಓಡ್ಯದ" ಅಂದಿದ್ದ. ಹಳೇ ಗಾಡಿ ಮಾರುವವರ ಲೆಕ್ಕದಲ್ಲಿ ಈ ನಾಡಿನ ಡಾಕ್ಟರುಗಳೆಲ್ಲ ರೋಗಿಗಳನ್ನು ಬಿಟ್ಟು ಗಾಡಿ ತೊಳೆಯುತ್ತ ಕೂತಿರುತ್ತಾರೆ. ಪಿಕಪ್ ಇಟ್ಟುಕೊಂಡ ಡಾಕ್ಟರು ಯಾರಪ್ಪಾ ಎಂದು ಕೇಳಿದೆ. ಅವನು ಕಣ್ಣು ಮಿಟುಕಿಸದೆ, "ದನದ ಡಾಕ್ಟರ್ರೀ" ಅಂದ. ಆಮೇಲೆ ತಿಳಿದದ್ದು: ಗಾಡಿ ಕಾಲುವೆ ಕಾಮಗಾರಿಯ ಒಬ್ಬ ಕಂತ್ರಾಟುದಾರನದು, ರಾಡಿಯಲ್ಲೇ ಬಾಳ್ವೆ ಮಾಡಿದ್ದು. ಈ ಮಾಹಿತಿ ಮುಂದೆ ಉಪಯೋಗಕ್ಕೆ ಬಂತು.

ರಾಷ್ಟ್ರೀಯ ಹೆದ್ದಾರಿ 52ರಲ್ಲಿ ನೆಟ್ಟಗೆ ಹೋಗುವಾಗ ಗಾಡಿ ಸಾಧುವಿನ ಹಾಗಿರುತ್ತಿತ್ತು. ಹೊರಳಬೇಕು, ಆಗ ಶುರು. ಝಳಕಿ ಕ್ರಾಸಿನಲ್ಲಿ ಇಂಡಿ ಕಡೆ ಸ್ಟೇರಿಂಗ್ ತಿರುಗಿಸಿದ ಕೂಡಲೇ ಹಿಂದಿನಿಂದ ಗಡ್-ಗಡ್-ಗಡ್. ಸೀಟಿನ ಬುಡದಲ್ಲಿ ನಡುಕ. ನೆಟ್ಟಗಾದರೆ ಮತ್ತೆ ಗಪ್‌ಚಿಪ್. ನಿಧಾನಕ್ಕೆ ಹೊರಳಿದಷ್ಟೂ ಜೋರು, ಎಂಜಿನ್ ಕಾದಷ್ಟೂ ಜೋರು. ಅವ್ವ ಮೊದಲ ಮದ್ದಾಗಿ ನಾಲ್ಕೂ ಗಾಲಿಗೆ ನಾಲ್ಕು ಲಿಂಬೆ ಇಟ್ಟು ಹಾಯಿಸಿದಳು. ಸಾಮಾನ್ಯ ಲಿಂಬೆಯಲ್ಲ, ಜಿಐ ಟ್ಯಾಗ್ ಪಡೆದ ಇಂಡಿ ಲಿಂಬೆ. ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯನ್ನೇ ಊರಲ್ಲಿ ಇಟ್ಟುಕೊಂಡವರು ನಾವು. ಸಪ್ಪಳಕ್ಕೆ ಇದಾವುದರ ಮರ್ಯಾದೆಯೂ ಇರಲಿಲ್ಲ.

ಇಂಡಿಯ ಫಿಟರ್ ಜಾಯಿಂಟ್ ಕ್ರಾಸ್ ಹೋಗ್ಯದ ಅಂದ. ಹೊಸ ಕ್ರಾಸ್ ಬಿತ್ತು, ಸಪ್ಪಳ ಹಾಗೇ ಇತ್ತು. ಸಿಂದಗಿಯಲ್ಲಿ ಅಕ್ಕನ ಗಂಡ ಇದ್ದಾನೆ, ನಿವೃತ್ತ ವಿಜ್ಞಾನ ಮಾಸ್ತರ. ಸಪ್ಪಳವನ್ನು ಪ್ರಯೋಗದಿಂದಲೇ ಕಂಡುಹಿಡಿಯಬೇಕೆಂದು ಮಾಮಾ ಹಿಂದಿನ ಡಾಲಾದಲ್ಲಿ ಅಂಗಾತ ಮಲಗಿದ. ನಾನು ಸರ್ಕಲ್ ಸುತ್ತ ಗಾಡಿ ಹೊರಳಿಸತೊಡಗಿದೆ. ಎರಡನೇ ಸುತ್ತಿಗೆ ಪೊಲೀಸಪ್ಪ ಸೀಟಿ ಊದಿ ನಿಲ್ಲಿಸಿ, "ಹಿಂದ ಹೆಣ ಒಯ್ಯಾಕತ್ತೀರೇನು?" ಅಂದ. ಹೆಣ ಎದ್ದು ಕೂತು, "ಎಡಗಾಲಿ ಹಬ್ ಬೇರಿಂಗ್" ಎಂದು ತೀರ್ಪು ಕೊಟ್ಟಿತು. ಬೇರಿಂಗ್ ಬಿಚ್ಚಿ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು. ಅದಕ್ಕೆ ಗ್ರೀಸ್ ತುಂಬಿ ಅದರ ಪಾಡಿಗೆ ಬಿಟ್ಟೆವು.

ಮುದ್ದೇಬಿಹಾಳದ ಮಿಸ್ತ್ರಿ ದೊಡ್ಡ ಮನಸ್ಸಿನವನು. ಸಣ್ಣಪುಟ್ಟದ್ದಕ್ಕೆ ಕೈ ಹಾಕುವವನಲ್ಲ. "ಕ್ರೌನ್ ಪಿನಿಯನ್ ಉಂಡುಹೋಗೈತಿ, ಪೂರಾ ಹೌಸಿಂಗ್ ಬದಲ ಮಾಡ್ರಿ. ಸೋಲಾಪುರ ಗುಜರಿಯೊಳಗ ಸಿಗತೈತಿ" ಎಂದು ಬೀಡಿ ಕಟ್ಟಿನ ಕಾಗದದ ಒಳಮೈಯಲ್ಲಿ ಒಂದು ಸಂಖ್ಯೆ ಬರೆದು ಕೊಟ್ಟ. ಅದನ್ನು ಓದಿದಾಗ ನನಗೂ ಒಮ್ಮೆ ಒಳಗೆ ಗಡಗಡ ಅಂದಿತು. ಪಕ್ಕದಲ್ಲಿ ಚಾ ಕುಡಿಯುತ್ತಿದ್ದ ಇಬ್ಬರು ತಕರಾರು ತೆಗೆದರು, ಒಬ್ಬ ಹಿಂದಿನ ಪಾಟಾ ಅಂದ, ಇನ್ನೊಬ್ಬ ಸೈಲೆನ್ಸರ್ ಅಂದ. 1565ರ ಯುದ್ಧ ತಾಳಿಕೋಟೆಯಲ್ಲಾಯಿತೋ ರಕ್ಕಸಗಿ–ತಂಗಡಗಿಯಲ್ಲಾಯಿತೋ ಎಂಬ ವಾದವೇ ಮುಗಿಯದ ಸೀಮೆ ಅದು. ನನ್ನ ಸಪ್ಪಳ ಎಲ್ಲಿಯದೆಂಬುದು ಒಂದು ಚಾದಲ್ಲಿ ಇತ್ಯರ್ಥವಾದೀತೆ?

ಬಾಗೇವಾಡಿಯ ಮುದುಕ ಉಸ್ತಾದ್ ಒಬ್ಬನೇ ಬಾನೆಟ್ ಮುಟ್ಟದವನು. ಕಿವಿಯನ್ನೂ ಕೊಡಲಿಲ್ಲ, ಪ್ರಶ್ನೆ ಕೇಳಿದ. ಹೊರಳಿದಾಗಷ್ಟೇ ಏನು? ಕಾದ ಮ್ಯಾಲ ಹೆಚ್ಚೇನು? ಹೌಸಿಂಗ್ ಎಣ್ಣಿ ಯಾರು ಬದಲ ಮಾಡ್ಯಾರ? ಆಮೇಲೆ ಹಿಂದಿನ ಎರಡೂ ಗಾಲಿಗಳನ್ನು ಜಾಕ್ ಮೇಲೆ ಎತ್ತಿಸಿ, ಗೇರನ್ನು ನ್ಯೂಟ್ರಲ್ಲಿಗೆ ಹಾಕಿಸಿ, ಬಲಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿದ. ಎಡಗಾಲಿಯೂ ಅದರ ಜೊತೆ ಮುಂದಕ್ಕೇ ತಿರುಗಿತು. "ನೋಡ್ರಿ ಸರ. ಸಾದಾ ಹೌಸಿಂಗ್ ಇದ್ರ ಅದು ಉಲ್ಟಾ ತಿರಗತಿತ್ತು. ಇದರೊಳಗ ಪ್ಲೇಟ್ ಅದಾವ."

ಡಿಫರೆನ್ಷಿಯಲ್ ಎಂದರೇನು ಎಂದು ನಮ್ಮ ಕಡೆಯವರಿಗೆ ಪುಸ್ತಕ ನೋಡಿ ಹೇಳಬೇಕಿಲ್ಲ. ಕಣದಲ್ಲಿ ಹಂತಿ ಹೊಡೆಯುವಾಗ ಮೇಟಿಯ ಪಕ್ಕದ ಎತ್ತು ಹೆಜ್ಜೆ ಎತ್ತಿ ಇಟ್ಟರೆ ಸಾಕು, ಹೊರಗಿನ ಎತ್ತು ಓಡಬೇಕು. ಇಬ್ಬರಿಗೂ ಒಂದೇ ವೇಗ ಕಟ್ಟಿದರೆ ಹಂತಿ ಹರಿಯುತ್ತದೆ. ಹೊರಳುವಾಗ ಹಿಂದಿನ ಗಾಲಿಗಳದೂ ಅದೇ ಪಾಡು. ಅವುಗಳಿಗೆ ಬೇರೆ ಬೇರೆ ವೇಗ ಹಂಚುವ ಹಲ್ಲುಚಕ್ರಗಳ ಈ ಗಂಟಿಗೆ ಫ್ರಾನ್ಸಿನ ಪೆಕರ್ ಎಂಬಾತ 1827ರಲ್ಲೇ ಪೇಟೆಂಟ್ ಪಡೆದಿದ್ದ, ಅದೂ ಉಗಿ ಗಾಡಿಗಾಗಿ. ಆದರೆ ಇದಕ್ಕೊಂದು ದುರ್ಗುಣ ಉಂಟು. ಒಂದು ಗಾಲಿ ರಾಡಿಯಲ್ಲಿ ಜಾರಿತೋ, ಅದೊಂದೇ ಗಿರಗಿರ ತಿರುಗುತ್ತದೆ. ಗಟ್ಟಿ ನೆಲದ ಮೇಲಿನ ಗಾಲಿ ನಿಂತು ನೋಡುತ್ತದೆ. ಡೋಣಿ ಸಾಲಿನ ಎರೆಯಲ್ಲಿ ಮಳೆಗಾಲ ಕಂಡವರಿಗೆ ಇದರ ಸಂಕಟ ಗೊತ್ತು. ಅದಕ್ಕೇ ಕೆಲವು ಗಾಡಿಗಳಲ್ಲಿ ನಡುವೆ ಕ್ಲಚ್ ಪ್ಲೇಟುಗಳನ್ನು ಒತ್ತಿ ಇಟ್ಟು, ಜಾರುವ ಗಾಲಿಯ ಜುಟ್ಟು ಹಿಡಿದಿರುತ್ತಾರೆ. 1930ರ ದಶಕದಲ್ಲಿ ಜರ್ಮನಿಯ ರೇಸ್ ಕಾರುಗಳಲ್ಲಿ ಮೆರೆದ ಉಪಾಯ ಹೀಗೆ ಕಂತ್ರಾಟುದಾರನ ಕೈ ದಾಟಿ ನನ್ನ ಲಿಂಬೆ ಚೀಲದ ಕೆಳಗೆ ಬಂದು ಕೂತಿತ್ತು. ಈ ಪ್ಲೇಟುಗಳು ಹೊರಳುವಾಗ ಒಂದರ ಮೇಲೊಂದು ನುಣ್ಣಗೆ ಜಾರಬೇಕು. ಅದಕ್ಕೆ ಎಣ್ಣೆಯಲ್ಲಿ ಬೇರೊಂದು ಮದ್ದು ಬೆರೆತಿರಬೇಕು. ಬರೀ 90 ನಂಬರ್ ಎಣ್ಣೆ ಸುರಿದರೆ ಅಂಟುತ್ತವೆ, ಜಾರುತ್ತವೆ, ಮತ್ತೆ ಅಂಟುತ್ತವೆ. ಊರೆಲ್ಲ ತಲೆ ಓರೆ ಮಾಡಿ ಕೇಳಿದ ಸಪ್ಪಳ ಇದೇ.

ಉಸ್ತಾದನ ಹುಡುಗ ಕೆಳಗಿನ ಬೋಲ್ಟಿಗೆ ಪಾನಾ ಹಾಕಿದ್ದೇ ತಡ, ಬೈಗುಳ ಬಿತ್ತು. ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚಬೇಕಂತೆ. ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದೇ ಹೋದರೆ ಗಾಡಿ ಅಲ್ಲೇ ಮಲಗಬೇಕು. ಈ ಒಂದು ಮಾತಿಗೇ ನಾನು ಅವನಿಗೆ ಶರಣಾದೆ. ಕಪ್ಪು ಎಣ್ಣೆ ಬುಟ್ಟಿಗೆ ಬಿದ್ದಂತೆ ಗಂಧಕದ ನಾತ ಎದ್ದು, ಪಕ್ಕದ ಮಿರ್ಚಿ ಅಂಗಡಿಯವ ಬಾಣಲೆಗೆ ಮುಚ್ಚಳ ಹಾಕಿದ. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ಲೇಪ ಮೆತ್ತಿತ್ತು. ಉಸ್ತಾದ್ ಅದನ್ನು ಎರಡು ಬೆರಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದು ನೋಡಿದ. ಚೂರು ಇಲ್ಲ, ಹಲ್ಲು ಮುರಿದಿಲ್ಲ, ಬರೀ ಸವಕಳಿಯ ಹಿಟ್ಟು. "ಹೌಸಿಂಗ್ ಗಟ್ಟಿ ಐತಿ. ಬಾಟ್ಲಿ ತರಸ್ರಿ."

ಆ ಮದ್ದಿನ ಪುಟ್ಟ ಬಾಟ್ಲಿ ಜಿಲ್ಲೆಯ ಅಂಗಡಿಗಳಲ್ಲಿ ಸಿಗಲಿಲ್ಲ. ಪುಣೆಯಲ್ಲಿರುವ ಅಳಿಯ ಕಳಿಸಿದ. ಹೊಸ ಜಿಎಲ್-5 ಎಣ್ಣೆಯ ಜೊತೆ ಅದನ್ನೂ ತುಂಬಿದ್ದಾಯಿತು, ಮೇಲಿನ ತೂತಿನಿಂದ ಹೊರಗೆ ಜಿನುಗುವವರೆಗೆ. ಮುಗಿಯಿತೆಂದುಕೊಂಡರೆ ಉಸ್ತಾದ್, "ಈಗ ಬಯಲಿಗೆ ಹೋಗಿ ಎಂಟು ಹೊಡೀರಿ" ಅಂದ. ಮದ್ದು ಪ್ಲೇಟುಗಳ ಸಂದಿಗೆ ಇಳಿಯಬೇಕಾದರೆ ಎಡಕ್ಕೂ ಬಲಕ್ಕೂ ನಿಧಾನವಾಗಿ, ಬಿಗಿಯಾಗಿ ಹೊರಳಿಸಬೇಕಂತೆ.

ಸಂತೆ ಇಲ್ಲದ ದಿನ ಸಂತೆ ಬಯಲಿನಲ್ಲಿ ಒಬ್ಬ ನಡುವಯಸ್ಸಿನ ಗೃಹಸ್ಥ ಖಾಲಿ ಪಿಕಪ್ಪಿನಲ್ಲಿ, ನಡಿಗೆಯ ವೇಗದಲ್ಲಿ, ಎಂಟಂಕಿ ಬರೆಯುತ್ತ ಹೋಗುವುದನ್ನು ಊಹಿಸಿಕೊಳ್ಳಿ. ಮೊದಲು ಹುಡುಗರು ಬಂದರು. ಆರ್‌ಟಿಓ ಪರೀಕ್ಷೆಗೆ ತಾಲೀಮು ಎಂದು ತಿಳಿದು, "ಕಾಕಾ, ಕಾಲು ನೆಲಕ್ಕ ಹಚ್ಚಬ್ಯಾಡ್ರಿ" ಎಂದು ಕೂಗಿದರು. ಇಬ್ಬರು ಹೆಂಗಸರು ಸೆರಗು ಬಾಯಿಗೆ ಒತ್ತಿ, ಮುಂಜಾನೆಯೇ ಕುಡಿದಿದ್ದಾನೆಂದು ಮರುಗಿದರು. ಒಬ್ಬ ಅಜ್ಜ ಮಾತ್ರ ಗಂಭೀರವಾಗಿ, ಯಾವ ದೇವರ ಹರಕೆ ಇದು ಎಂದು ಕೇಳಿದ. ಗಡ್-ಗಡ್ ಎನ್ನುವುದು ಗಡ್ ಆಯಿತು, ಆಮೇಲೆ ಅದೂ ಇಲ್ಲ. ಬರೀ ಟೈರಿನ ಕೆಳಗೆ ಗರಸು ಸಿಡಿಯುವ ಸದ್ದು.

ಖರ್ಚು ಒಂದು ಬೇರಿಂಗಿನ ಬೆಲೆಯಷ್ಟೂ ಆಗಲಿಲ್ಲ, ಅದೇ ತೊಂದರೆಯಾಯಿತು. ಸಾವಿರಗಟ್ಟಲೆ ಸುರಿದು ಹೌಸಿಂಗ್ ಬದಲಿಸಿದ್ದರೆ ಊರು ಗೌರವದಿಂದ ಕೇಳುತ್ತಿತ್ತು. ಬಾಟ್ಲಿಯಿಂದ ವಾಸಿಯಾಯಿತೆಂದರೆ ಒಬ್ಬರೂ ಒಪ್ಪಲೊಲ್ಲರು. ಇಂಡಿಯ ಫಿಟರ್, "ನನ್ನ ಕ್ರಾಸ್ ಈಗ ಕುಂತದ" ಅಂದ. ಮಾಮಾ ಫೋನಿನಲ್ಲಿ ಗ್ರೀಸಿನ ಮಹಿಮೆ ಬಣ್ಣಿಸಿದ. ಮುದ್ದೇಬಿಹಾಳದವನು, ಸಪ್ಪಳ ನಿಂತದ್ದೇ ಹೌಸಿಂಗ್ ಪೂರಾ ಹೋಗಿರುವುದರ ಗುರುತು ಎಂದು ಹೆದರಿಸಿದ.

ನಂಬಿದವನು ಎದುರುಮನೆಯ ಕಾಕಾ ಒಬ್ಬನೇ. ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ, ಎಲೆಯಡಿಕೆ ಉಗುಳಿ ಬಂದ.

"ನೆಟ್ಟಗ ಹೋದ್ರ ಏನೂ ಇಲ್ಲ, ಹೊರಳಿದ್ರ ಅಷ್ಟ ಸಪ್ಪಳ, ಹೌದಿಲ್ಲೋ?"

"ಹೌದು ಕಾಕಾ."

"ನನ್ನ ಎಡಗಡಿ ಮೊಣಕಾಲೂ ಹಂಗ ಅದ. ಬಾಟ್ಲ್ಯಾಗ ಒಂದೀಟು ಉಳದದೇನು?"